ಬೇಸ್ ಗಿಟಾರಿಗೆ ದೊಡ್ಡ ಬಾಕ್ಸ್ ಯಾಕೆ?



ಪಕ್ಕದ ಊರಲ್ಲಿ ಜಾತ್ರೆ ನಡೆಯುವಾಗ ರಾತ್ರಿ ಮಾಳಿಗೆ ಮೇಲೆ ನಿಂತು ಕಿವಿಗೊಟ್ಟು ಕೇಳಿದ್ದೀರಾ? ಹಾಡಿನ ಮಾತು ತಿಳಿಯುವುದಿಲ್ಲ, ಕೊಳಲು ಕೇಳಿಸುವುದಿಲ್ಲ. 'ಢಂ ಢಂ' ಅನ್ನುವ ದಪ್ಪ ಸದ್ದು ಮಾತ್ರ ಹೊಲ ದಾಟಿ, ಗೋಡೆ ದಾಟಿ ಬರ್ತದೆ. ಸಣ್ಣ ಸದ್ದನ್ನು ಗಾಳಿ ದಾರಿಯಲ್ಲೇ ಹೆಚ್ಚು ಹೀರಿಕೊಳ್ಳುತ್ತದೆ. ದಪ್ಪ ಸದ್ದಿನ ಅಲೆ ಉದ್ದ, ಅದು ಅಡ್ಡ ಬಂದದ್ದನ್ನು ಸುತ್ತಿ ಬಾಗಿ ಬರುತ್ತದೆ. ಈ ದಪ್ಪ ಸದ್ದನ್ನೇ ಸಂಗೀತದಲ್ಲಿ ಮಂದ್ರ ಅನ್ನುತ್ತಾರೆ. ಆರ್ಕೆಸ್ಟ್ರಾದವರ ಬಾಯಲ್ಲಿ ಅದು 'ಬೇಸ್'.

ಬೇಸ್ ಗಿಟಾರ್ ಹೇಗಿರುತ್ತದೆ ಅಂತ ತಿಳಿಯಬೇಕಾದರೆ ಇಳಯರಾಜ ಸಂಗೀತ ನೀಡಿದ 1981ರ 'ಗೀತಾ' ಚಿತ್ರದ ಹಾಡುಗಳನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಹಾಡಿನ ಕೆಳಗೆ ಇನ್ನೊಂದು ಹಾಡಿನಂತೆ ಹರಿಯುವ ದಪ್ಪ ತಂತಿಯ ನಾದವೇ ಅದು. ನಿಮಗೋ ನಿಮ್ಮ ಅಣ್ಣನಿಗೋ ಅದನ್ನು ನುಡಿಸಬೇಕೆಂಬ ಆಸೆ ಇರಬಹುದು. ಬೊಮ್ಮನಹಾಳಿನಿಂದ ಬಳ್ಳಾರಿಗೆ ಬಸ್ ಹತ್ತಿ ಹೋದರೆ ಅಂಗಡಿಯವರು 'ಇದು ಇಷ್ಟು ವ್ಯಾಟ್, ಅದು ಅಷ್ಟು ವ್ಯಾಟ್' ಅಂತ ಹೇಳ್ತಾರೆ. ಮನೆಯವರು ಕಷ್ಟಪಟ್ಟು ಕೂಡಿಟ್ಟ ದುಡ್ಡು ಅದು. ಯಾವುದಕ್ಕೆ ಕೊಡಬೇಕು, ಯಾವುದಕ್ಕೆ ಕೊಡಬಾರದು ಅಂತ ಹೇಳುವ ವಿಜ್ಞಾನ ನಿಮ್ಮ ಪಠ್ಯಪುಸ್ತಕದಲ್ಲೇ ಇದೆ. ಬನ್ನಿ, ನೋಡೋಣ.

ತಂತಿ ದಪ್ಪ ಯಾಕೆ?

ತಮಟೆಯನ್ನು ಬಾರಿಸುವ ಮುಂಚೆ ಬೆಂಕಿಗೆ ಕಾಯಿಸುವುದನ್ನು ನೋಡಿರುತ್ತೀರಿ. ಕಾದ ಚರ್ಮ ಬಿಗಿಯಾಗುತ್ತದೆ, ಸದ್ದು ಮೇಲೇರುತ್ತದೆ. ಮೃದಂಗದವರು ಎಡಗಡೆ ಚರ್ಮಕ್ಕೆ ರವೆ ಕಲಸಿ ಅಂಟಿಸುತ್ತಾರೆ. ತೂಕ ಹೆಚ್ಚಾಗಿ ಸದ್ದು ಕೆಳಗಿಳಿಯುತ್ತದೆ. ಚಿಕ್ಕ ವಾದ್ಯಕ್ಕಿಂತ ದೊಡ್ಡ ಡೊಳ್ಳಿನ ಸದ್ದು ದಪ್ಪ. ಬಿಗಿತ, ತೂಕ, ಅಳತೆ ಈ ಮೂರೇ ಸೂತ್ರ. ತಂತಿಗೂ ಇದೇ ಮೂರು. ಫ್ರಾನ್ಸಿನ ಮರೆನ್ ಮರ್ಸೆನ್ 1636ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ತಂತಿಗಳ ಈ ನಿಯಮಗಳನ್ನು ಬರೆದಿಟ್ಟ.

ಸಾಮಾನ್ಯ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಅಂದ್ರೆ ಅದರ ಆವೃತ್ತಿ 82 ಹರ್ಟ್ಸ್. ಬೇಸ್ ಗಿಟಾರಿನ ಅತಿ ದಪ್ಪ ತಂತಿಯದು ಅದರ ಅರ್ಧ, 41 ಹರ್ಟ್ಸ್. ಉಳಿದ ಮೂರು ತಂತಿಗಳು 55, 73 ಮತ್ತು 98 ಹರ್ಟ್ಸ್. ಉದ್ದವನ್ನೂ ಬಿಗಿತವನ್ನೂ ಹಾಗೇ ಇಟ್ಟು ಆವೃತ್ತಿಯನ್ನು ಅರ್ಧ ಮಾಡಬೇಕಾದರೆ ತಂತಿಯ ತೂಕ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಆಗಬೇಕು. ಅದಕ್ಕೇ ಬೇಸ್ ತಂತಿಯ ಮೇಲೆ ಇನ್ನೊಂದು ತಂತಿ ಸುತ್ತಿ ದಪ್ಪ ಮಾಡಿರುತ್ತಾರೆ. ಜೊತೆಗೆ ಉದ್ದವನ್ನೂ ಹೆಚ್ಚಿಸುತ್ತಾರೆ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ 'ಪ್ರಿಸಿಷನ್ ಬೇಸ್'ನಲ್ಲಿ ತಂತಿಯ ಕಂಪಿಸುವ ಉದ್ದ 34 ಇಂಚು, ಅಂದರೆ ಸುಮಾರು 86 ಸೆಂ.ಮೀ. ಇವತ್ತಿಗೂ ಬಹುಪಾಲು ಬೇಸ್ ಗಿಟಾರುಗಳ ಅಳತೆ ಇದೇ.

ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ತಾಮ್ರದ ಸುರುಳಿ ಇರುತ್ತದೆ. ಇದನ್ನು ಪಿಕಪ್ ಅನ್ನುತ್ತಾರೆ. ಉಕ್ಕಿನ ತಂತಿ ಅಲುಗಿದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ವಿದ್ಯುತ್‌ಕಾಂತೀಯ ಪ್ರೇರಣೆ ಇದೇ. ಆಂಪ್ಲಿಫೈಯರ್ ಆ ಚಿಕ್ಕ ವಿದ್ಯುತ್ತನ್ನು ದೊಡ್ಡದು ಮಾಡುತ್ತದೆ. ಸ್ಪೀಕರಿನಲ್ಲಿ ಕೆಲಸ ತಿರುಗಾಮುರುಗಾ. ಅಯಸ್ಕಾಂತದ ನಡುವೆ ಇರುವ ಸುರುಳಿಗೆ ವಿದ್ಯುತ್ ಕೊಟ್ಟರೆ ಅದು ಹಿಂದೆ ಮುಂದೆ ಓಡಾಡಿ, ಅಂಟಿಸಿದ ಕಾಗದದ ಕೋನನ್ನು ತಳ್ಳುತ್ತದೆ.

ಬಾಕ್ಸ್ ಇಲ್ಲದ ಸ್ಪೀಕರ್

ಮಾಡಿ ನೋಡಿ: ಕೆಟ್ಟ ರೇಡಿಯೋ ಅಥವಾ ಟೇಪ್ ರೆಕಾರ್ಡರಿನಿಂದ ಒಂದು ಸ್ಪೀಕರ್ ಬಿಚ್ಚಿಕೊಳ್ಳಿ. ಅದಕ್ಕೆ ಬ್ಯಾಟರಿಯಿಂದ ನಡೆಯುವ ರೇಡಿಯೋದ ತಂತಿ ಜೋಡಿಸಿ ಹಾಡು ಹಾಕಿ. ಸದ್ದು ತೆಳ್ಳಗೆ ಕೀಚಲಾಗಿ ಬರುತ್ತದೆ. ಈಗ ಒಂದು ದೊಡ್ಡ ರಟ್ಟಿನಲ್ಲಿ ಸ್ಪೀಕರಿನ ಅಳತೆಗೆ ತೂತು ಕತ್ತರಿಸಿ ಸ್ಪೀಕರನ್ನು ಅದಕ್ಕೆ ಒತ್ತಿ ಹಿಡಿಯಿರಿ. ಕೂಡಲೇ ದಪ್ಪ ಸದ್ದು ಎದ್ದು ಬರುತ್ತದೆ! ಕರೆಂಟ್ ಹೆಚ್ಚಿಸಲಿಲ್ಲ, ಸ್ಪೀಕರ್ ಬದಲಿಸಲಿಲ್ಲ. ಬಂದದ್ದು ರಟ್ಟಿನಿಂದ.

ಕಾರಣ ಏನಪ್ಪಾ ಅಂದ್ರೆ, ಕೋನ್ ಮುಂದೆ ಹೋದಾಗ ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ, ಹಿಂದಿನ ಗಾಳಿ ಸಡಿಲವಾಗುತ್ತದೆ. ಅಡ್ಡಿ ಇಲ್ಲದಿದ್ದರೆ ಮುಂದಿನ ಒತ್ತಡ ಅಂಚನ್ನು ಸುತ್ತಿ ಹಿಂದೆ ಹೋಗಿ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. 1000 ಹರ್ಟ್ಸ್ ಸದ್ದಿನ ತರಂಗದೂರ 340 ÷ 1000, ಅಂದರೆ 34 ಸೆಂ.ಮೀ. ಮಾತ್ರ. 41 ಹರ್ಟ್ಸ್ ಸದ್ದಿನದು 340 ÷ 41, ಸುಮಾರು 8.3 ಮೀಟರ್. ನಮ್ಮ ತರಗತಿ ಕೋಣೆಗಿಂತ ಉದ್ದ ಇದ್ದರೂ ಇರಬಹುದು! ಇಷ್ಟು ಉದ್ದದ ಅಲೆಗೆ ಒಂದು ಗೇಣು ಅಗಲದ ಸ್ಪೀಕರನ್ನು ಸುತ್ತಿ ಹೋಗುವುದು ಏನೂ ಕಷ್ಟವಲ್ಲ. ಹಿಂದಿನ ಸದ್ದನ್ನು ಕಟ್ಟಿಹಾಕಲಿಕ್ಕೇ ಬಾಕ್ಸ್ ಬೇಕು.

ಕೆಲವು ಬಾಕ್ಸುಗಳಿಗೆ ಒಂದು ದುಂಡು ತೂತು ಇರುತ್ತದೆ. ಅದು ಗಾಳಿ ಆಡಲಿಕ್ಕೆ ಇಟ್ಟದ್ದಲ್ಲ. ಖಾಲಿ ಬಾಟಲಿಯ ಬಾಯಿಗೆ ಊದಿದರೆ 'ಬೂಂ' ಅನ್ನುತ್ತದಲ್ಲ, ಅದೇ ತತ್ವ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲಿ ಇದನ್ನು ವಿವರಿಸಿದ. ಒಳಗಿನ ಗಾಳಿಯ ಜಾಗ ದೊಡ್ಡದಾದಷ್ಟೂ ಸದ್ದು ದಪ್ಪ. ಬಾಟಲಿಗೆ ಸ್ವಲ್ಪ ಸ್ವಲ್ಪ ನೀರು ಹಾಕುತ್ತಾ ಊದಿ ನೋಡಿ, ಸದ್ದು ಏರುತ್ತಾ ಹೋಗುತ್ತದೆ. ಬಾಕ್ಸಿನ ಅಳತೆಗೆ ತಕ್ಕಂತೆ ಲೆಕ್ಕ ಹಾಕಿ ಈ ತೂತಿನ ಅಗಲ, ಉದ್ದ ಇಡುತ್ತಾರೆ. ಅದಕ್ಕೆ ಬಟ್ಟೆ ತುರುಕುವುದು, ಇನ್ನೊಂದು ತೂತು ಕೊರೆಯುವುದು ಮಾಡಿದರೆ ಆ ಲೆಕ್ಕ ಕೆಡುತ್ತದೆ.

ಮೂರರಲ್ಲಿ ಎರಡು ಮಾತ್ರ

ಇಲ್ಲಿ ಮುಖ್ಯ ಮಾತು ಬರುತ್ತದೆ. ಅಷ್ಟೇ ಜೋರಿನ ಸದ್ದಿನಲ್ಲಿ ಆವೃತ್ತಿ ಅರ್ಧವಾದರೆ ಕೋನ್ ನಾಲ್ಕು ಪಟ್ಟು ದೂರ ಓಡಾಡಬೇಕಾಗ್ತದೆ. ಟಿವಿ ಪಕ್ಕದ ಸಣ್ಣ ಸ್ಪೀಕರಿಗೆ ಬೇಸ್ ಗಿಟಾರ್ ಸಿಕ್ಕಿಸಿ ವಾಲ್ಯೂಮ್ ತಿರುಗಿಸಿದರೆ ಕೋನ್ ಹರಿಯುವುದು ಇದಕ್ಕೇ. ಕೋನ್ ದೂರ ಓಡಲಾರದು ಅಂದರೆ ಅದು ಅಗಲವಾಗಿರಬೇಕು, ಅದರ ಹಿಂದೆ ಸಾಕಷ್ಟು ಗಾಳಿ ಇರಬೇಕು.

ಆದ್ದರಿಂದ ಬಾಕ್ಸಿನ ವಿಷಯದಲ್ಲಿ ಮೂರು ಆಸೆಗಳಿವೆ. ಒಂದು, ಬಾಕ್ಸ್ ಚಿಕ್ಕದಿರಲಿ. ಎರಡು, ಸದ್ದು ಬಹಳ ದಪ್ಪ ಇರಲಿ. ಮೂರು, ಕಡಿಮೆ ವ್ಯಾಟಿಗೆ ಜೋರಾಗಿ ಕೇಳಲಿ. ಇವುಗಳಲ್ಲಿ ಯಾವುದಾದರೂ ಎರಡು ಸಿಗುತ್ತವೆ, ಮೂರೂ ಸಿಗುವುದಿಲ್ಲ. ಮೂರೂ ಇದೆ ಅಂತ ಯಾರಾದರೂ ಮಾರಲಿಕ್ಕೆ ಬಂದರೆ ಭೌತಶಾಸ್ತ್ರ ಒಪ್ಪುವುದಿಲ್ಲ.

ಅಗಲದ ಲೆಕ್ಕವನ್ನೂ ಮಾಡೋಣ. ವೃತ್ತದ ವಿಸ್ತೀರ್ಣ ವ್ಯಾಸದ ವರ್ಗದಂತೆ ಹೆಚ್ಚುತ್ತದೆ. 15 ಇಂಚಿನ ಒಂದು ಸ್ಪೀಕರಿಗೆ 15 × 15 = 225. 10 ಇಂಚಿನ ನಾಲ್ಕು ಸ್ಪೀಕರುಗಳಿಗೆ 4 × 100 = 400. ಅಂದರೆ ನಾಲ್ಕು ಚಿಕ್ಕವು ಸೇರಿ ಒಂದು ದೊಡ್ಡದಕ್ಕಿಂತ ಹೆಚ್ಚು ಗಾಳಿ ತಳ್ಳಬಲ್ಲವು. 1969ರಲ್ಲಿ ಆಂಪೆಗ್ ಕಂಪನಿ ತನ್ನ ದೊಡ್ಡ ಬೇಸ್ ಆಂಪ್ಲಿಫೈಯರಿಗೆ ಕೊಟ್ಟ ಹೆಸರಾಂತ ಬಾಕ್ಸಿನಲ್ಲಿ 10 ಇಂಚಿನ ಎಂಟು ಸ್ಪೀಕರುಗಳಿದ್ದವು.

ವ್ಯಾಟ್ ಒಂದನ್ನೇ ನಂಬಬೇಡಿ

'ನೂರು ವ್ಯಾಟಿಗಿಂತ ಇನ್ನೂರು ವ್ಯಾಟ್ ಎರಡು ಪಟ್ಟು ಜೋರು' ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಲ್ಲ. ವ್ಯಾಟ್ ಎರಡು ಪಟ್ಟಾದರೆ ಸದ್ದು 3 ಡೆಸಿಬಲ್ ಮಾತ್ರ ಏರುತ್ತದೆ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು, ಅದಕ್ಕೆ ಹತ್ತು ಪಟ್ಟು ವ್ಯಾಟ್ ಬೇಕು.

ಬಾಕ್ಸಿನ ವಿವರ ಪಟ್ಟಿಯಲ್ಲಿ ಇನ್ನೊಂದು ಸಂಖ್ಯೆ ಇರುತ್ತದೆ: 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಅಂತ. ಇದೇ ಬಾಕ್ಸಿನ ಸಂವೇದಿತ್ವ. ಒಂದು ಬಾಕ್ಸಿಗೆ 90, ಇನ್ನೊಂದಕ್ಕೆ 96 ಇದೆ ಅಂತ ಇಟ್ಟುಕೊಳ್ಳಿ. ಮೊದಲನೆಯದು 200 ವ್ಯಾಟ್ ತಿಂದು ಕೊಡುವ ಸದ್ದನ್ನು ಎರಡನೆಯದು 50 ವ್ಯಾಟಿಗೇ ಕೊಡುತ್ತದೆ. ಒಳ್ಳೆ ಬಾಕ್ಸ್ ಇದ್ದರೆ ಚಿಕ್ಕ ಆಂಪ್ಲಿಫೈಯರ್ ಸಾಕು ಅನ್ನುವುದು ಇದಕ್ಕೇ.

ಕೆಲವು ಡಬ್ಬಗಳ ಮೇಲೆ '5000 ವ್ಯಾಟ್ ಪಿಎಂಪಿಒ' ಅಂತ ದಪ್ಪಕ್ಷರದಲ್ಲಿ ಇರುತ್ತದೆ. ಅದನ್ನು ಬಿಡಿ, 'ಆರ್‌ಎಂಎಸ್' ವ್ಯಾಟ್ ಎಷ್ಟು ಅಂತ ಕೇಳಿ. ನೀವೇ ಪರೀಕ್ಷೆ ಮಾಡಬಹುದು. ಹಿಂದುಗಡೆ ಪಟ್ಟಿಯಲ್ಲಿ 220 ವೋಲ್ಟ್, 0.5 ಆಂಪಿಯರ್ ಅಂತ ಇದ್ದರೆ ಗುಣಿಸಿ: 110 ವ್ಯಾಟ್. ಗೋಡೆಯಿಂದ ಎಳೆದುಕೊಳ್ಳುವುದೇ 110 ಆದರೆ 5000 ಎಲ್ಲಿಂದ ಬಂತು? ಶಕ್ತಿ ಸಂರಕ್ಷಣಾ ನಿಯಮ ಅಂಗಡಿಯಲ್ಲೂ ನಡೆಯುತ್ತದೆ!

ಓಮ್ ನೋಡದೆ ಜೋಡಿಸಬೇಡಿ

ಎರಡನೇ ಬಾಕ್ಸ್ ಸೇರಿಸುವಾಗ ಹತ್ತನೇ ತರಗತಿಯ ಸಮಾಂತರ ಜೋಡಣೆ ನೆನಪಿರಲಿ. ಆಂಪ್ಲಿಫೈಯರ್ 20 ವೋಲ್ಟ್ ಕೊಡುತ್ತಿದೆ ಅನ್ನಿ. 8 ಓಮಿನ ಒಂದು ಬಾಕ್ಸಿಗೆ ಹೋಗುವ ಸಾಮರ್ಥ್ಯ 20 × 20 ÷ 8 = 50 ವ್ಯಾಟ್. ಅಂಥದ್ದೇ ಇನ್ನೊಂದನ್ನು ಸಮಾಂತರವಾಗಿ ಜೋಡಿಸಿದರೆ ರೋಧ 4 ಓಮ್, ಸಾಮರ್ಥ್ಯ 100 ವ್ಯಾಟ್. ಕೋನುಗಳ ಅಗಲವೂ ಎರಡು ಪಟ್ಟು. ಆದ್ದರಿಂದ ದಪ್ಪ ಸ್ವರಗಳು 3 ಅಲ್ಲ, ಸುಮಾರು 6 ಡೆಸಿಬಲ್ ಏರುತ್ತವೆ. ಇದು ಲಾಭದ ವ್ಯಾಪಾರ.

ಹಾಗಂತ ಮೂರನೆಯದನ್ನೂ ಸಿಕ್ಕಿಸಿದರೆ ರೋಧ 2.7 ಓಮಿಗೆ ಇಳಿದು ಕರೆಂಟ್ ಇನ್ನೂ ಹೆಚ್ಚುತ್ತದೆ. ಆಂಪ್ಲಿಫೈಯರಿನ ಹಿಂದೆ 'ಕನಿಷ್ಠ 4 ಓಮ್' ಅಂತ ಬರೆದಿದ್ದರೆ ಅದು ಕಾದು ಸುಟ್ಟುಹೋಗಬಹುದು. ಗಿಟಾರಿನ ಸಣ್ಣ ವೈರನ್ನು ಆಂಪ್ಲಿಫೈಯರಿಗೂ ಬಾಕ್ಸಿಗೂ ನಡುವೆ ಹಾಕಬೇಡಿ. ಅಲ್ಲಿ ಹರಿಯುವ ಕರೆಂಟ್ ಹೆಚ್ಚು, ದಪ್ಪ ಎರಡೆಳೆ ಸ್ಪೀಕರ್ ವೈರೇ ಬೇಕು.

ಯಾವುದು ಮೊದಲು?

ಹೊಸದಾಗಿ ಕಲಿಯುವವರು ಈ ಕ್ರಮ ಹಿಡಿಯಬಹುದು.

1. ಮೊದಲು ಸಾಧಾರಣ ಗಿಟಾರ್ ಸಾಕು, ಹಳೆಯದಾದರೂ ಸರಿ. ಕೊಳ್ಳುವಾಗ ಕತ್ತು ಬಾಗಿದೆಯಾ ನೋಡಿ. ಆಮೇಲೆ 12ನೇ ಮನೆ ಪರೀಕ್ಷೆ ಮಾಡಿ. ಆ ಮನೆ ತಂತಿಯ ಸರಿ ಅರ್ಧದಲ್ಲಿರುತ್ತದೆ. ಉದ್ದ ಅರ್ಧ, ಆವೃತ್ತಿ ಎರಡು ಪಟ್ಟು. ಅಲ್ಲಿ ಒತ್ತಿ ಮೀಟಿದ ಸ್ವರವೂ, ಒತ್ತದೆ ಬೆರಳು ಮುಟ್ಟಿಸಿ ಮೀಟಿದ ಸ್ವರವೂ ಒಂದೇ ಇರಬೇಕು. ಬೇರೆ ಬೇರೆ ಇದ್ದರೆ ಸೇತುವೆ ಸರಿಪಡಿಸಬೇಕು ಅಂತ ಅರ್ಥ. ಅದು ಸಣ್ಣ ಕೆಲಸ, ಆದರೆ ಬೆಲೆ ಮಾತಾಡುವಾಗ ಹೇಳಬಹುದು.

2. ಮನೆಯಲ್ಲಿ ಕಲಿಯಲಿಕ್ಕೆ ಹೆಡ್‌ಫೋನ್ ಸಿಕ್ಕಿಸುವ ಚಿಕ್ಕ ಆಂಪ್ಲಿಫೈಯರ್ ಸಾಕು. ಕಿವಿಯ ಪಕ್ಕದಲ್ಲೇ ಇರುವ ಸ್ಪೀಕರ್ ಹೆಚ್ಚು ಗಾಳಿ ತಳ್ಳಬೇಕಾಗಿಲ್ಲ.

3. ಸದ್ದು ಮಂಕಾದರೆ ಗಿಟಾರ್ ಬದಲಿಸಬೇಡಿ, ತಂತಿ ಬದಲಿಸಿ. ಬೆವರು, ಧೂಳು ಸೇರಿದ ತಂತಿಯ ತೂಕ ಎಲ್ಲ ಕಡೆ ಒಂದೇ ಇರುವುದಿಲ್ಲ, ಅದಕ್ಕೇ ಸ್ವರ ಮಸುಕಾಗುತ್ತದೆ.

4. ತಂಡದ ಜೊತೆ ಬಯಲಲ್ಲಿ ನುಡಿಸುವ ದಿನ ಬಂದಾಗ ದುಡ್ಡನ್ನು ಬಾಕ್ಸಿಗೆ ಹಾಕಿ. ಗಿಟಾರ್ ಬದಲಿಸುವುದು ಕೊನೆಗೆ.

5. ಯಾವುದನ್ನೇ ಕೊಂಡರೂ ಮೂರು ಪಿನ್ನಿನ ಪ್ಲಗ್ಗು, ಸರಿಯಾದ ಅರ್ಥಿಂಗ್ ಇರಲೇಬೇಕು. ಗಿಟಾರಿನ ತಂತಿ ಆಂಪ್ಲಿಫೈಯರಿನ ಅರ್ಥಿಗೆ ಸೇರಿರುತ್ತದೆ. ಅರ್ಥಿಂಗ್ ಇಲ್ಲದ ಕಡೆ ಕೈ ತಂತಿಯ ಮೇಲಿಟ್ಟು ತುಟಿ ಮೈಕಿಗೆ ತಾಗಿದರೆ ಶಾಕ್ ಹೊಡೆದು ಜೀವಕ್ಕೇ ಅಪಾಯ. ಪ್ಲಗ್ಗಿನ ಮೂರನೇ ಪಿನ್ ಮುರಿದು ಹಾಕುವವರ ಮಾತು ಕೇಳಬೇಡಿ.

ಕಿವಿಯ ಮಾತು

ಕೊಂಡ ಬಾಕ್ಸ್ ಹಾಳಾದರೆ ಇನ್ನೊಂದು ತರಬಹುದು, ಕಿವಿ ಹಾಗಲ್ಲ. ಕೆಲಸದ ಜಾಗಗಳಿಗೆ ತಜ್ಞರು ಹಾಕಿರುವ ಲೆಕ್ಕದಲ್ಲಿ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆಯಬಹುದು. ಪ್ರತಿ 3 ಡೆಸಿಬಲಿಗೆ ಆ ಹೊತ್ತು ಅರ್ಧವಾಗುತ್ತದೆ. 100 ಡೆಸಿಬಲಿಗೆ ಉಳಿಯುವುದು 15 ನಿಮಿಷ ಅಷ್ಟೇ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ. ದಪ್ಪ ಸದ್ದಿಗೆ ಗೋಡೆ ಅಡ್ಡ ಬರುವುದಿಲ್ಲ ಅಂತ ಈಗ ನಿಮಗೆ ಗೊತ್ತಲ್ಲ. ನಿಮ್ಮ ಬೇಸ್ ಪಕ್ಕದ ಮನೆಯ ಅಜ್ಜಿಯ ನಿದ್ದೆಯವರೆಗೂ ಹೋಗುತ್ತದೆ.

ಲೆಕ್ಕ ಮಾಡಿ, ನಿಮ್ಮ ವಿಜ್ಞಾನದ ಸಾರಿಗೆ ತೋರಿಸಿ:

ಅ) ಬೇಸ್ ಗಿಟಾರಿನ 55 ಹರ್ಟ್ಸ್ ತಂತಿಯ ಸದ್ದಿನ ತರಂಗದೂರ ಎಷ್ಟು?

ಆ) 12 ಇಂಚಿನ ಎರಡು ಸ್ಪೀಕರ್, 15 ಇಂಚಿನ ಒಂದು ಸ್ಪೀಕರ್ — ಯಾವುದರ ವಿಸ್ತೀರ್ಣ ಹೆಚ್ಚು?

ಇ) 4 ಓಮಿನ ಎರಡು ಬಾಕ್ಸ್ ಇವೆ. ಆಂಪ್ಲಿಫೈಯರಿನ ಮೇಲೆ 'ಕನಿಷ್ಠ 4 ಓಮ್' ಅಂತ ಇದೆ. ಸಮಾಂತರವಾಗಿ ಜೋಡಿಸಬಹುದೇ? ಇಲ್ಲದಿದ್ದರೆ ಹೇಗೆ ಜೋಡಿಸುತ್ತೀರಿ?