ಅಗ್ಗದ ಲ್ಯಾಪ್‌ಟಾಪ್: ಎಲ್ಲಿ ರಾಜಿಯಾಗಬೇಕು, ಎಲ್ಲಿ ಆಗಬಾರದು?

ಸಿಇಟಿ ಸೀಟು ಹಂಚಿಕೆ ಮುಗೀತು ಅಂದ್ರೆ ಸಾಕು, ಮನೆ ಮನೆಯಲ್ಲೂ ಒಂದೇ ಬೇಡಿಕೆ: "ಅಪ್ಪಾ, ಲ್ಯಾಪ್‌ಟಾಪ್ ಬೇಕು." ಬೇಡಿಕೆಯಲ್ಲಿ ತಪ್ಪೇನಿಲ್ಲ ಬಿಡಿ. ಅಸೈನ್‌ಮೆಂಟು, ಪ್ರಾಜೆಕ್ಟು, ಆನ್‌ಲೈನ್ ಪರೀಕ್ಷೆ, ಕಡೆಗೆ ಕೆಲಸದ ಇಂಟರ್‌ವ್ಯೂ, ಎಲ್ಲವೂ ಈಗ ಅದರಲ್ಲೇ. ಅಪ್ಪ ಮಗಳನ್ನ ಕರ್ಕೊಂಡು ಅಂಗಡಿಗೆ ಹೋಗ್ತಾರೆ. ಅಂಗಡಿ ಹುಡುಗ ಕೇಳೋ ಮೊದಲ ಪ್ರಶ್ನೆ, "ಬಜೆಟ್ ಎಷ್ಟು ಸರ್?" ಅಪ್ಪನ ಉತ್ತರ, "ಮೂವತ್ತೈದರ ಒಳಗೆ ತೋರಿಸಪ್ಪಾ."

ಅಲ್ಲಿಗೆ ವ್ಯಾಪಾರ ಅರ್ಧ ಮುಗಿದುಹೋಯ್ತು ನೋಡಿ. ಮಗಳು ಓದೋದು ಬಿಕಾಂ ಆ, ಎಂಜಿನಿಯರಿಂಗಾ ಅಂತ ಯಾರೂ ಕೇಳೋದಿಲ್ಲ. ಊರಲ್ಲಿ ಕರೆಂಟು ಎಷ್ಟು ಹೊತ್ತು ಇರುತ್ತೆ, ಕೆಟ್ಟರೆ ಸರ್ವಿಸ್ ಸೆಂಟರ್ ಎಷ್ಟು ದೂರ, ಇದನ್ನೂ ಕೇಳೋದಿಲ್ಲ. ಬಜೆಟ್ಟಿಗೆ ಹೊಂದೋ ನಾಲ್ಕು ಮಾಡೆಲ್ ಮೇಜಿನ ಮೇಲೆ ಬರುತ್ತವೆ. ನಾಲ್ಕೂ ಬೆಳ್ಳಗೆ, ತೆಳ್ಳಗೆ, ಚಂದಕ್ಕೆ ಹೊಳೀತಾ ಇರುತ್ತವೆ. ಯಾವುದನ್ನ ತಗೊಂಡ್ರೂ ಒಂದೇ ಅನ್ನಿಸುತ್ತೆ.

ಆದರೆ ಒಂದೇ ಅಲ್ಲ ಸ್ವಾಮಿ. ಲೆಕ್ಕ ನೋಡಿ. ಲ್ಯಾಪ್‌ಟಾಪಿನ ಮೇಲೆ ಶೇ. 18 ಜಿಎಸ್‌ಟಿ ಇದೆ. 35 ಸಾವಿರ ಕೊಟ್ಟರೆ ಅದರಲ್ಲಿ ಸುಮಾರು 5,300 ರೂಪಾಯಿ ತೆರಿಗೆಗೇ ಹೋಯ್ತು. ಉಳಿದ 29,700ರ ಆಸುಪಾಸಿನಲ್ಲಿ ಅಂಗಡಿಯವರ ಲಾಭ, ಕಂಪನಿಯ ಲಾಭ, ಸಾಗಾಟ, ಜಾಹೀರಾತು, ವಿಂಡೋಸ್ ಲೈಸೆನ್ಸು ಎಲ್ಲವೂ ಬರಬೇಕು. ಅದೆಲ್ಲ ಕಳೆದು ಮಿಕ್ಕ ದುಡ್ಡಲ್ಲಿ ಯಂತ್ರ ತಯಾರಾಗಬೇಕು. ಹಾಗಿದ್ದಮೇಲೆ ಎಲ್ಲೋ ಒಂದು ಕಡೆ ಕತ್ತರಿ ಆಡಿಸಲೇಬೇಕು. ಅಗ್ಗದ ಲ್ಯಾಪ್‌ಟಾಪಿನಲ್ಲಿ ರಾಜಿ ಇದ್ದೇ ಇರುತ್ತೆ, ಅದರಲ್ಲಿ ಕಂಪನಿಯ ಮೋಸ ಏನಿಲ್ಲ. ನಾವು ಕೇಳಬೇಕಾದ ಪ್ರಶ್ನೆ ಬೇರೆ: ಕತ್ತರಿ ಬಿದ್ದಿರೋ ಜಾಗ ಯಾವುದು? ಅದನ್ನ ನಾಳೆ ನಾವು ಹೊಲಿದುಕೊಳ್ಳೋಕೆ ಆಗುತ್ತಾ, ಇಲ್ವಾ?

ಇಡೀ ವಿಷಯದ ತಿರುಳು ಇಷ್ಟೇ. ರಾಜಿಗಳಲ್ಲಿ ಎರಡು ಜಾತಿ. ಒಂದು, ಆರು ತಿಂಗಳು ಬಿಟ್ಟು ಒಂದಿಷ್ಟು ದುಡ್ಡು ಹಾಕಿ ಸರಿ ಮಾಡ್ಕೊಳ್ಳೋವಂಥದ್ದು. ಇನ್ನೊಂದು, ಕೊಂಡ ದಿನವೇ ನಿಮ್ಮ ಹಣೆಗೆ ಅಂಟಿಕೊಳ್ಳೋವಂಥದ್ದು. ಮೊದಲನೇ ಜಾತಿಯದಕ್ಕೆ ಧಾರಾಳವಾಗಿ ಒಪ್ಪಿಕೊಳ್ಳಿ. ಎರಡನೇ ಜಾತಿಯದರ ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಿ.

ಈ ವ್ಯತ್ಯಾಸ ಮರೆತರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. 'ಆಕಾಶ್' ಟ್ಯಾಬ್ಲೆಟ್ ನೆನಪಿದೆಯಾ? 2011ರ ಅಕ್ಟೋಬರ್ 5ರಂದು ಆಗಿನ ಕೇಂದ್ರ ಸಚಿವ ಕಪಿಲ್ ಸಿಬಲ್ ಬಿಡುಗಡೆ ಮಾಡಿದ್ರು. ಜಗತ್ತಿನಲ್ಲೇ ಅತಿ ಅಗ್ಗದ ಟ್ಯಾಬ್ಲೆಟ್ ಅಂತ ದೊಡ್ಡ ಸುದ್ದಿ. ಸರ್ಕಾರಕ್ಕೆ ಬಿದ್ದ ಬೆಲೆ ಎರಡು ಸಾವಿರದ ಚಿಲ್ಲರೆ ರೂಪಾಯಿ. ಆ ಬೆಲೆಗೆ ಹೊಂದಿಸೋಕೆ ಹಾಕಿದ್ದು 366 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ರ್‍ಯಾಮ್, ಒತ್ತಿದರೆ ಮಾತ್ರ ಕೆಲಸ ಮಾಡೋ ಹಳೇ ಥರದ ರೆಸಿಸ್ಟಿವ್ ಟಚ್ ಸ್ಕ್ರೀನು. ವೇಗ ಇಲ್ಲ, ಬ್ಯಾಟರಿ ನಿಲ್ಲಲ್ಲ, ಸ್ಕ್ರೀನು ಬೆರಳಿಗೆ ಸ್ಪಂದಿಸಲ್ಲ ಅಂತ ದೂರುಗಳು ಬಂದವು. ಉದ್ದೇಶ ಒಳ್ಳೆಯದೇ ಇತ್ತು. ಆದರೆ ಕತ್ತರಿ ಬಿದ್ದಿದ್ದು ಪ್ರೊಸೆಸರ್, ರ್‍ಯಾಮ್, ಸ್ಕ್ರೀನು ಮೂರಕ್ಕೂ. ಈ ಮೂರರಲ್ಲಿ ಒಂದನ್ನೂ ವಿದ್ಯಾರ್ಥಿ ಆಮೇಲೆ ಬದಲಾಯಿಸೋ ಹಾಗಿರಲಿಲ್ಲ. ಮುಂದಿನ ಆವೃತ್ತಿಯಲ್ಲಿ ಸ್ಕ್ರೀನನ್ನೂ ಪ್ರೊಸೆಸರನ್ನೂ ಬದಲಾಯಿಸಲೇಬೇಕಾಯ್ತು.

ಈಗ ಅಂಗಡಿಯ ಮೇಜಿಗೆ ವಾಪಸ್ ಬರೋಣ. ಒಂದೊಂದಾಗಿ ನೋಡೋಣ.

ಮೊದಲು ಪ್ರೊಸೆಸರ್. ಲ್ಯಾಪ್‌ಟಾಪಿನ ಮಿದುಳು ಅಂತೀವಲ್ಲ, ಅದು. ಇದನ್ನ ಬದಲಾಯಿಸೋಕೆ ಆಗೋದಿಲ್ಲ. "ಐ3 ಇದೆ ಸರ್" ಅಂತಾರೆ. ಬೆಳ್ಳಗಿರೋದೆಲ್ಲ ಹಾಲಲ್ಲ. ಐ3-1215ಯು ಅಂತ ಒಂದಿದೆ, ಐ3-ಎನ್305 ಅಂತ ಇನ್ನೊಂದಿದೆ. ಹೆಸರು ಎರಡಕ್ಕೂ ಐ3. ಮೊದಲನೆಯದರಲ್ಲಿ ಭಾರೀ ಕೆಲಸಕ್ಕೆ ಎರಡು ಶಕ್ತಿಶಾಲಿ ಕೋರ್, ಹಗುರ ಕೆಲಸಕ್ಕೆ ನಾಲ್ಕು ಸಣ್ಣ ಕೋರ್ ಇವೆ. ಎರಡನೆಯದರಲ್ಲಿ ಇರೋ ಎಂಟೂ ಸಣ್ಣ ಕೋರ್‌ಗಳೇ. ಹಾಗೇ ಸೆಲೆರಾನ್, ಪೆಂಟಿಯಂ ಅನ್ನೋ ಹೆಸರುಗಳನ್ನ ಇಂಟೆಲ್ 2023ರಿಂದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಕೈಬಿಟ್ಟಿದೆ. ಆ ದರ್ಜೆಯ ಚಿಪ್ಪುಗಳು ಈಗ ಬರೋದು ಬರೀ 'ಇಂಟೆಲ್ ಪ್ರೊಸೆಸರ್' ಅನ್ನೋ ಹೆಸರಲ್ಲಿ, ಎನ್100 ಥರದ ಸಂಖ್ಯೆ ಅಂಟಿಸಿಕೊಂಡು.

ಎಎಂಡಿ ಕಥೆಯೂ ಹೀಗೇ. ರೈಜನ್ 5 7520ಯು ಅಂತ ಬರೆದಿದ್ರೆ, 7 ಅಂದಕೂಡಲೇ ಹೊಸದು ಅನ್ಕೊತೀವಿ. ಆದರೆ ಈ ಸರಣಿಯಲ್ಲಿ ನೋಡಬೇಕಾದ್ದು ಮೂರನೇ ಅಂಕಿ. ಅಲ್ಲಿ 2 ಇದ್ದರೆ ಒಳಗಿರೋದು 2019ರಲ್ಲಿ ಬಂದ ಝೆನ್ 2 ವಿನ್ಯಾಸ. 3 ಇದ್ದರೆ, ಅಂದರೆ 7530ಯು ಆದರೆ, ಅದರ ನಂತರದ ವಿನ್ಯಾಸ. ಒಂದು ಅಂಕಿಯ ಫರಕು, ಆದರೆ ನಾಲ್ಕು ವರ್ಷ ಜೊತೆಗಿರೋ ಫರಕು.

ಎರಡನೆಯದು ರ್‍ಯಾಮ್. ರ್‍ಯಾಮ್ ಅಂದ್ರೆ ಅಡುಗೆಮನೆ ಕಟ್ಟೆ ಇದ್ದ ಹಾಗೆ. ಉಗ್ರಾಣ ಎಷ್ಟೇ ದೊಡ್ಡದಿರಲಿ, ಕಟ್ಟೆ ಚಿಕ್ಕದಾದರೆ ಹೆಚ್ಚೋದು ಎಲ್ಲಿ, ಕಲಸೋದು ಎಲ್ಲಿ? ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳೋ ಕನಿಷ್ಠ 4 ಜಿಬಿ. ಅದು ಕಂಪ್ಯೂಟರ್ ಎದ್ದು ನಿಲ್ಲೋಕೆ ಬೇಕಾದ ಕನಿಷ್ಠ. ಬ್ರೌಸರಿನಲ್ಲಿ ಹತ್ತು ಟ್ಯಾಬ್ ತೆರೆದು, ಪಕ್ಕದಲ್ಲಿ ಆನ್‌ಲೈನ್ ಕ್ಲಾಸು ಓಡಿಸಿದರೆ 4 ಜಿಬಿ ಕಟ್ಟೆ ಮೇಲೆ ಕೈಯಿಡೋಕೂ ಜಾಗ ಇರಲ್ಲ. ಇವತ್ತಿಗೆ 8 ಜಿಬಿ ಬೇಕೇಬೇಕು.

ಆದರೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ಮುಂದೆ ಹೆಚ್ಚಿಸೋಕೆ ಆಗುತ್ತಾ? ಕೆಲವು ಲ್ಯಾಪ್‌ಟಾಪಲ್ಲಿ ರ್‍ಯಾಮ್ ಹಾಕೋಕೆ ಖಾಲಿ ಸ್ಲಾಟ್ ಇರುತ್ತೆ. ಇನ್ನು ಕೆಲವಲ್ಲಿ ರ್‍ಯಾಮನ್ನ ಮದರ್‌ಬೋರ್ಡಿಗೇ ಬೆಸುಗೆ ಹಾಕಿಬಿಟ್ಟಿರ್ತಾರೆ. ಬೆಸುಗೆ ಬಿದ್ದ ಮೇಲೆ 8 ಅಂದ್ರೆ ಕೊನೇವರೆಗೂ 8. ವಿವರಗಳ ಪಟ್ಟಿಯಲ್ಲಿ 'ಎಲ್‌ಪಿಡಿಡಿಆರ್' ಅಂತ ಇದ್ದರೆ ಅದು ಬೆಸುಗೆಯದೇ ಅಂತ ತಿಳ್ಕೊಳ್ಳಿ. ಈಗ ಹೇಳಿದೆನಲ್ಲ 7520ಯು, ಆ ಚಿಪ್ಪು ಒಪ್ಪೋದೇ ಎಲ್‌ಪಿಡಿಡಿಆರ್5 ರ್‍ಯಾಮನ್ನ. ಖಾಲಿ ಸ್ಲಾಟ್ ಇರೋ 8 ಜಿಬಿ ಲ್ಯಾಪ್‌ಟಾಪು ಒಳ್ಳೇ ರಾಜಿ. ಸ್ಲಾಟೇ ಇಲ್ಲದ 8 ಜಿಬಿ, ಎಂಜಿನಿಯರಿಂಗ್ ಓದೋರಿಗೆ ಕೆಟ್ಟ ರಾಜಿ.

ಮೂರನೆಯದು ಸ್ಟೋರೇಜು, ಅಂದ್ರೆ ಉಗ್ರಾಣ. ಇಲ್ಲಿ ರಾಜಿಯಾಗಬಹುದು, ಒಂದು ಷರತ್ತಿನ ಮೇಲೆ. 256 ಜಿಬಿ ಎಸ್‌ಎಸ್‌ಡಿ ಇದ್ದರೂ ಸಾಕು, ಅದು ಬಿಚ್ಚಿ ಬದಲಾಯಿಸೋ ಎಂ.2 ಎಸ್‌ಎಸ್‌ಡಿ ಆಗಿರಬೇಕು. ನಾಳೆ ದೊಡ್ಡದು ಹಾಕಿಸ್ಕೊಬಹುದು. ಅತಿ ಅಗ್ಗದ ಯಂತ್ರಗಳಲ್ಲಿ 64 ಜಿಬಿ ಇಎಂಎಂಸಿ ಅಂತ ಬರುತ್ತೆ. ಅದೂ ಬೆಸುಗೆಯದೇ. ವಿಂಡೋಸ್ 11ಕ್ಕೆ ಬೇಕಾದ ಕನಿಷ್ಠ ಜಾಗವೇ 64 ಜಿಬಿ! ಮನೆಯೊಳಗೆ ಮಂಚ ಹಾಕಿದ ಮೇಲೆ ಕಾಲಿಡೋಕೆ ಜಾಗ ಇಲ್ಲ ಅನ್ನೋ ಕಥೆ. ಒಂದು ವರ್ಷದಲ್ಲಿ ಅಪ್‌ಡೇಟ್ ಮಾಡೋಕೂ ಜಾಗ ಸಾಲದೆ ಒದ್ದಾಡ್ತೀರಿ. ಇನ್ನು "1 ಟಿಬಿ ಇದೆ ಸರ್" ಅಂತ ಹಳೇ ಹಾರ್ಡ್ ಡಿಸ್ಕ್ ತೋರಿಸಿದರೆ ಸಂಖ್ಯೆಗೆ ಮರುಳಾಗಬೇಡಿ. ಚಿಕ್ಕ ಎಸ್‌ಎಸ್‌ಡಿಯ ಮುಂದೆ ದೊಡ್ಡ ಹಾರ್ಡ್ ಡಿಸ್ಕ್ ಆಮೆ.

ನಾಲ್ಕನೆಯದು ಸ್ಕ್ರೀನು. ಜಾಹೀರಾತಲ್ಲಿ ಅತಿ ಕಡಿಮೆ ಮಾತಾಡೋದು ಇದರ ಬಗ್ಗೆ, ಕಣ್ಣು ಅತಿ ಹೆಚ್ಚು ಹೊತ್ತು ನೋಡೋದು ಇದನ್ನೇ. 1366ಕ್ಕೆ 768 ಅಂತ ಬರೆದಿದ್ದರೆ ಅದರಲ್ಲಿ ಇರೋದು ಹತ್ತೂವರೆ ಲಕ್ಷ ಚುಕ್ಕೆ. 1920ಕ್ಕೆ 1080 ಇದ್ದರೆ 20 ಲಕ್ಷ 73 ಸಾವಿರ, ಹೆಚ್ಚೂಕಮ್ಮಿ ದುಪ್ಪಟ್ಟು. ಬೆಳಕಿನ ಅಳತೆ ನಿಟ್ಸ್. ಅಗ್ಗದ ಯಂತ್ರಗಳಲ್ಲಿ 220, 250 ಇರುತ್ತೆ. ಕೋಣೆಯೊಳಗೆ ನಡೆಯುತ್ತೆ, ಕಿಟಕಿ ಪಕ್ಕ ಕೂತರೆ ಮಂಕು. 300 ಸಿಕ್ಕಿದರೆ ಒಳ್ಳೆಯದು. ಪ್ಯಾನೆಲ್ಲು ಟಿಎನ್ ಆಗಿದ್ದರೆ ಸ್ವಲ್ಪ ಓರೆಯಾಗಿ ನೋಡಿದರೂ ಬಣ್ಣ ಬದಲಾಗುತ್ತೆ. ಐಪಿಎಸ್ ಇದ್ದರೆ ಆ ತೊಂದರೆ ಇಲ್ಲ. ಆಮೇಲೆ ಸ್ಕ್ರೀನು ಬದಲಾಯಿಸೋದು ಅಂದ್ರೆ ಸಾವಿರಾರು ರೂಪಾಯಿ ಖರ್ಚು, ಅದಕ್ಕೆ ಯಾರೂ ಕೈ ಹಾಕೋದಿಲ್ಲ.

ನಮ್ಮ ರೈತ ಎತ್ತು ಕೊಳ್ಳೋವಾಗ ಏನ್ಮಾಡ್ತಾನೆ? ಬಾಯಿ ತೆರೆಸಿ ಹಲ್ಲು ನೋಡ್ತಾನೆ, ಗೊರಸು ನೋಡ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡ್ತಾನೆ. ಲ್ಯಾಪ್‌ಟಾಪಿಗೂ ಅದೇ ಮಾಡಿ. ಓರೆಯಾಗಿ ನಿಂತು ಸ್ಕ್ರೀನ್ ನೋಡಿ. ಒಂದು ಪುಟ ಟೈಪ್ ಮಾಡಿ ಕೀಬೋರ್ಡ್ ತಗ್ಗುತ್ತಾ ನೋಡಿ. ಮುಚ್ಚಳ ನಾಲ್ಕು ಸಲ ತೆರೆದು ಮುಚ್ಚಿ, ಕೀಲು ಗಟ್ಟಿ ಇದೆಯಾ ನೋಡಿ. ಬಸ್ಸಲ್ಲಿ ದಿನಾ ಓಡಾಡೋ ಮಕ್ಕಳ ಲ್ಯಾಪ್‌ಟಾಪಿನಲ್ಲಿ ಮೊದಲು ಕೈ ಕೊಡೋದು ಎಷ್ಟೋ ಸಲ ಆ ಕೀಲೇ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ, ದುಡ್ಡು ನಿಮ್ಮದು.

ಐದನೆಯದು ಬ್ಯಾಟರಿ. "ಹತ್ತು ಗಂಟೆ ಬರುತ್ತೆ" ಅನ್ನೋ ಮಾತು ಬಿಡಿ. ವ್ಯಾಟ್‌ಅವರ್ ಎಷ್ಟು ಅಂತ ಕೇಳಿ. 42 ವ್ಯಾಟ್‌ಅವರ್ ಬ್ಯಾಟರಿ ಇದೆ, ಕೆಲಸ ಮಾಡೋವಾಗ ಯಂತ್ರ 10 ವ್ಯಾಟ್ ಎಳೆಯುತ್ತೆ ಅಂದ್ಕೊಳ್ಳಿ. ನಾಲ್ಕು ಗಂಟೆ ಚಿಲ್ಲರೆ, ಅಷ್ಟೇ. ಬೆಂಗಳೂರಿನ ಹಾಸ್ಟೆಲ್ಲಿಗೆ ಸಾಕು. ಸಂಜೆ ಕರೆಂಟ್ ಹೋದರೆ ಯಾವಾಗ ಬರುತ್ತೋ ಗೊತ್ತಿಲ್ಲದ ಊರಲ್ಲಿ ಇದೇ ಮೊದಲ ಪ್ರಶ್ನೆ. ಆದರೆ ಬ್ಯಾಟರಿ ಬದಲಾಯಿಸಬಹುದಾದ ಭಾಗ, ಹಾಗಾಗಿ ಸ್ವಲ್ಪ ರಾಜಿ ಪರವಾಗಿಲ್ಲ.

ಇನ್ನು ವಾರಂಟಿ. ಒಂದು ವರ್ಷ ಅಂತ ಎಲ್ಲರೂ ಹೇಳ್ತಾರೆ. ಆನ್‌ಸೈಟ್ ಆ, ಕ್ಯಾರಿ-ಇನ್ ಆ ಅಂತ ಕೇಳಿ. ಆನ್‌ಸೈಟ್ ಅಂದ್ರೆ ಅವರೇ ಮನೆಗೆ ಬರಬೇಕು. ಕ್ಯಾರಿ-ಇನ್ ಅಂದ್ರೆ ನೀವೇ ಹೊತ್ಕೊಂಡು ಹೋಗಬೇಕು. ಬೀದರ್‌ನ ಹಳ್ಳಿಯಿಂದಲೋ, ಮಡಿಕೇರಿಯ ತೋಟದಿಂದಲೋ ಸರ್ವಿಸ್ ಸೆಂಟರಿಗೆ ಎರಡು ಸಲ ಓಡಾಡಿದರೆ ಬಸ್ ಚಾರ್ಜು, ಒಂದು ದಿನದ ಕೂಲಿ, ಮಗಳ ಎರಡು ದಿನದ ಕ್ಲಾಸು, ಎಲ್ಲ ಹೋಯ್ತು. ಸಾವಿರ ರೂಪಾಯಿ ಉಳಿಸೋಕೆ ಹೋಗಿ ಇಷ್ಟು ಕಳ್ಕೋಬೇಕಾ?

ಹಾಗಾದ್ರೆ ಯಾರಿಗೆ ಯಾವುದು? ಬಿಕಾಂ, ಬಿಎ ಓದೋರಿಗೆ ಟ್ಯಾಲಿ, ಎಕ್ಸೆಲ್, ಬ್ರೌಸರ್ ಓಡಿದರೆ ಆಯ್ತು. ಅವರು ಪ್ರೊಸೆಸರಲ್ಲಿ ಸ್ವಲ್ಪ ಇಳಿದು, ಒಳ್ಳೇ ಸ್ಕ್ರೀನು ಕೀಬೋರ್ಡಿಗೆ ದುಡ್ಡು ಹಾಕಲಿ. ಎಂಜಿನಿಯರಿಂಗ್ ಮಕ್ಕಳಿಗೆ ಪ್ರೊಸೆಸರೂ ಖಾಲಿ ಸ್ಲಾಟೂ ಮೊದಲು. ಆಟೋಕ್ಯಾಡ್‌ಗೆ 8 ಜಿಬಿ ಬರೀ ಕನಿಷ್ಠ. ಗೇಮ್ ಆಡ್ತೀನಿ ಅನ್ನೋ ಮಗನಿಗೆ ಈ ಬಜೆಟ್ಟಲ್ಲಿ ಅದು ಆಗೋ ಮಾತಲ್ಲ ಅಂತ ಮೊದಲೇ ಹೇಳಿಬಿಡಿ. ವಿಂಡೋಸ್ ಇಲ್ಲದೆ ಬರೋ ಯಂತ್ರ ಅಗ್ಗಕ್ಕೆ ಸಿಕ್ಕರೆ ಉಬುಂಟು ಹಾಕಿಸ್ಕೊಬಹುದು, ಅದಕ್ಕೆ ದುಡ್ಡಿಲ್ಲ. ಕಾಲೇಜಲ್ಲಿ ಬಳಸೋ ಸಾಫ್ಟ್‌ವೇರ್ ಅದರಲ್ಲಿ ಓಡುತ್ತಾ ಅಂತ ಮಾತ್ರ ಮೊದಲೇ ವಿಚಾರಿಸಿ.

ಇನ್ನೊಂದು ದಾರಿ ಇದೆ, ನಮ್ಮವರು ಅದಕ್ಕೆ ಮೂಗು ಮುರೀತಾರೆ. ದೊಡ್ಡ ಕಂಪನಿಗಳು ಕೆಲ ವರ್ಷ ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಥರದ ಲ್ಯಾಪ್‌ಟಾಪ್‌ಗಳು. ಬೆಂಗಳೂರಿನ ಎಸ್.ಪಿ. ರೋಡಿನಂಥ ಮಾರುಕಟ್ಟೆಯಲ್ಲಿ ರಿಪೇರಿ ಮಾಡಿ ಮಾರ್ತಾರೆ. ಹೊಸದಾಗಿದ್ದಾಗ ದುಬಾರಿ ಬೆಲೆಯವು. ಹಾಗಾಗಿ ಕೀಬೋರ್ಡು, ಕೀಲು, ಮೈಕಟ್ಟು ಹೆಚ್ಚಾಗಿ ಗಟ್ಟಿ. ಸವೆದಿರೋದು ಮುಖ್ಯವಾಗಿ ಬ್ಯಾಟರಿ, ಅದು ಬದಲಾಯಿಸಬಹುದಾದದ್ದು! ಆದರೆ ಎರಡು ಎಚ್ಚರಿಕೆ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ವಿಂಡೋಸ್ 11 ಒಪ್ಪೋ ಯಂತ್ರವೇ ಆಗಬೇಕು, ಇಂಟೆಲ್ ಆದರೆ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದು. ಎರಡನೆಯದು, ವಿಂಡೋಸ್‌ನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಸಿ ನೋಡಿ. ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಅಂತ ಎರಡು ಅಂಕಿ ಬರುತ್ತೆ. ಎರಡನೆಯದು ಮೊದಲನೆಯದರ ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ಬೆಲೆ ಕಳೆದು ಚೌಕಾಸಿ ಮಾಡಿ. ಬಿಲ್ ಇಲ್ಲದೆ ತಗೊಳ್ಳಲೇಬೇಡಿ.

ಕೊನೆಗೆ ಕಂತಿನ ವಿಷಯ. 'ನೋ ಕಾಸ್ಟ್ ಇಎಂಐ' ಅಂತ ದೊಡ್ಡಕ್ಷರದಲ್ಲಿ ಬರೆದಿರ್ತಾರೆ. ಕ್ರೆಡಿಟ್ ಕಾರ್ಡಲ್ಲಿ ತಗೊಂಡರೆ ಬ್ಯಾಂಕು ಬಡ್ಡಿ ಹಾಕೇ ಹಾಕುತ್ತೆ, ಅಷ್ಟನ್ನ ಬೆಲೆಯಲ್ಲಿ ರಿಯಾಯಿತಿ ಅಂತ ಕಳೀತಾರೆ. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, ಜೊತೆಗೆ ಪ್ರೊಸೆಸಿಂಗ್ ಶುಲ್ಕ, ಎರಡೂ ನಿಮ್ಮ ತಲೆಗೇ. ಒಟ್ಟು ಎಷ್ಟು ಕಟ್ತೀನಿ ಅಂತ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಬ್ಯಾಗು, ಮೌಸು, ಹೆಡ್‌ಫೋನು ಫ್ರೀ ಅಂದರೆ, "ಅದು ಬೇಡ, ಅದರ ಬದಲು ರ್‍ಯಾಮ್ ಹಾಕಿಕೊಡಿ" ಅಂತ ಕೇಳಿ ನೋಡಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದ್ದು ಸರಿ. ಮೂವತ್ತೈದು ಸಾವಿರ ಇದ್ದರೆ ಅಷ್ಟರಲ್ಲೇ ಕೊಳ್ಳಿ, ಸಾಲ ಮಾಡಿ ಅರವತ್ತಕ್ಕೆ ಹೋಗಬೇಡಿ. ಆದರೆ ಈ ಯಂತ್ರ ಮೊದಲ ವರ್ಷ ಎಲ್ಲರ ಮನೆಯಲ್ಲೂ ಚೆನ್ನಾಗೇ ಓಡುತ್ತೆ. ಕೈ ಕೊಟ್ಟರೆ ಮೂರನೇ, ನಾಲ್ಕನೇ ವರ್ಷದಲ್ಲಿ ಕೊಡುತ್ತೆ, ಮಗಳು ಕೊನೇ ಪ್ರಾಜೆಕ್ಟು ಮಾಡ್ತಾ, ಕ್ಯಾಂಪಸ್ ಇಂಟರ್‌ವ್ಯೂಗೆ ಕೂತಿರೋ ಹೊತ್ತಲ್ಲಿ. ಆಗ ಇನ್ನೊಂದು ಕೊಳ್ಳೋ ಶಕ್ತಿ ಎಷ್ಟು ಮನೆಗಳಿಗಿದೆ? ಅದಕ್ಕೇ ಹೇಳೋದು, ದುಡ್ಡು ಕೊಡೋ ಮುಂಚೆ ಈ ಐದು ಪ್ರಶ್ನೆ ಕೇಳಿ: ಪ್ರೊಸೆಸರಿನ ಪೂರ್ತಿ ನಂಬರ್ ಏನು? ರ್‍ಯಾಮಿಗೆ ಖಾಲಿ ಸ್ಲಾಟ್ ಇದೆಯಾ? ಎಸ್‌ಎಸ್‌ಡಿ ಬದಲಾಯಿಸಬಹುದಾ? ಸ್ಕ್ರೀನು ಐಪಿಎಸ್ ಆ, ಎಷ್ಟು ನಿಟ್ಸ್? ಕೆಟ್ಟರೆ ನೀವು ಬರ್ತೀರೋ, ನಾನು ಬರಬೇಕೋ? ಐದಕ್ಕೂ ಸರಿಯಾದ ಉತ್ತರ ಸಿಗೋವರೆಗೂ ಪರ್ಸು ಜೇಬಲ್ಲೇ ಇರಲಿ.