ಮರಳಿಗೆ ಬಂದ ಹಡಗು, ಗುಜರಿಗೆ ಹೋದ ಹಡಗುಗಳು

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರಕ್ಕೂ ರಾಷ್ಟ್ರೀಯ ಹೆದ್ದಾರಿ 66ಕ್ಕೂ ನಡುವೆ ಒಂದು ಯುದ್ಧನೌಕೆ ನೆಲದ ಮೇಲೆ ಕೂತಿದೆ. ಐಎನ್‌ಎಸ್ ಚಾಪೆಲ್. ಉದ್ದ 38.6 ಮೀಟರ್, ತೂಕ 245 ಟನ್. ಸೋವಿಯತ್ ಒಕ್ಕೂಟದಲ್ಲಿ ಕಟ್ಟಿಸಿ 1976ರಲ್ಲಿ ನಮ್ಮ ನೌಕಾಪಡೆಗೆ ಸೇರಿಸಿಕೊಂಡ ಕ್ಷಿಪಣಿ ದೋಣಿ ಇದು. 2005ರಲ್ಲಿ ನಿವೃತ್ತಿಯಾಯಿತು, 2006ರ ನವೆಂಬರ್‌ನಿಂದ ವಸ್ತುಸಂಗ್ರಹಾಲಯ. ನಮ್ಮ ಹಾರೂಗೇರಿಯಿಂದ ಹೊರಟವರು ಬೆಳಗಾವಿ, ಖಾನಾಪುರ, ರಾಮನಗರ, ಜೋಯಿಡಾ ದಾಟಿ ಅಣಶಿ ಘಟ್ಟ ಇಳಿದರೆ ಕದ್ರಾ. ಅಲ್ಲಿಂದ ಕಾಳಿ ನದಿಯ ಮಗ್ಗುಲು ಹಿಡಿದರೆ ಕಾರವಾರ. ಕೃಷ್ಣೆಯ ದಂಡೆಯ ನಮ್ಮ ಮಂದಿಗೆ ದೋಣಿ ಗೊತ್ತು, ಮಹಾಪೂರ ಗೊತ್ತು. ಯುದ್ಧನೌಕೆಯನ್ನು ಕೈಯಿಂದ ಮುಟ್ಟಿ ನೋಡಬೇಕಾದರೆ ಮಾತ್ರ ಇಲ್ಲಿಗೇ ಬರಬೇಕು.

ಟಿಕೆಟ್ ತಗೊಂಡವರೆಲ್ಲ ನೇರ ಮೆಟ್ಟಿಲ ಕಡೆ ಓಡುತ್ತಾರೆ. ಓಡಬೇಡಿ. ಮೊದಲು ಹಡಗಿನ ಸುತ್ತ ಒಂದು ಸುತ್ತು ಹಾಕಿ. ತೇಲುವ ಹಡಗಿನ ಕೆಳಭಾಗ ನೀರಿನಡಿ ಇರುತ್ತದೆ. ಇಲ್ಲಿ ಅದೂ ಬಯಲಾಗಿದೆ. ಮೂತಿಯ ಕಡೆ ಚೂಪು, ಹಿಂದೆ ಹೋದಂತೆ ಅಗಲ. ಮೂರು ಡೀಸೆಲ್ ಎಂಜಿನ್‌ಗಳ ನೂಕಿಗೆ ನೀರನ್ನು ಸೀಳಿ ಮೇಲೇಳಲು ಬೇಕಾದ ಆಕಾರ ಅದು. ಒಡಲು ಉಕ್ಕಿನದು, ಮೇಲಿನ ಕೋಣೆಗಳು ಅಲ್ಯೂಮಿನಿಯಂ ಮಿಶ್ರಲೋಹದವು. ಮೇಲ್ಭಾರ ಕಡಿಮೆಯಾದಷ್ಟೂ ದೋಣಿ ಹಗುರ, ಓಟ ಜೋರು. ಅದರ ಕೆಲಸವೂ ಅಂಥದ್ದೇ ಇತ್ತು: ಕತ್ತಲಲ್ಲಿ ನುಗ್ಗಿ ಕ್ಷಿಪಣಿ ಬಿಟ್ಟು ತಿರುಗಿ ಬರುವುದು.

ಮೇಲೆ ಹತ್ತಿದರೆ ಎಡಬಲಕ್ಕೆ ಎರಡೆರಡು ದಪ್ಪ ಉರುಳೆಗಳು, ಮೈತುಂಬ ಉಂಗುರದ ಹಾಗೆ ಪಟ್ಟಿಗಳು. ಕ್ಷಿಪಣಿ ಕೂತಿರುತ್ತಿದ್ದುದು ಅವುಗಳ ಒಳಗೆ. ಈ ಜಾತಿಯ ಹಿಂದಿನ ದೋಣಿಗಳಲ್ಲಿ ಅದೇ ಜಾಗದಲ್ಲಿ ಚೌಕಾಕಾರದ ಪೆಟ್ಟಿಗೆಗಳಿದ್ದವು. ನಿಪಾತ್, ನಿರ್ಘಾತ್, ವೀರ್ ಎಂಬ ಅಂಥ ಮೂರು ದೋಣಿಗಳು 1971ರ ಡಿಸೆಂಬರ್ 4ರ ರಾತ್ರಿ ಕರಾಚಿಗೆ ಪೆಟ್ಟು ಕೊಟ್ಟವು. ಅಷ್ಟು ದೂರ ಹೋಗಿಬರಲು ಅವುಗಳ ಇಂಧನ ಸಾಲದೆಂದು ಜೊತೆಗೆ ಇಂಧನದ ಹಡಗೂ ಹೋಗಿತ್ತು. ಡಿಸೆಂಬರ್ 4 ನೌಕಾಪಡೆಯ ದಿನವಾದದ್ದು ಆ ರಾತ್ರಿಯಿಂದ. ಚಾಪೆಲ್ ಆ ಯುದ್ಧದಲ್ಲಿತ್ತು ಎಂದು ಹಲವರು ಹೇಳುವುದುಂಟು. ಅದು ಹುಟ್ಟಿದ್ದೇ ಯುದ್ಧ ಮುಗಿದ ಮೇಲೆ, ಆ ಮೂರರ ತಂಗಿ ಎನ್ನಬಹುದು. ಒಳಗಿನ ಇಕ್ಕಟ್ಟಾದ ಕೋಣೆಗಳಲ್ಲಿ ಸಮವಸ್ತ್ರ ತೊಟ್ಟ ನಾವಿಕರ ಬೊಂಬೆಗಳನ್ನು ನಿಲ್ಲಿಸಿದ್ದಾರೆ. ತಲೆ ತಗ್ಗಿಸದೆ ಯಾವ ಬಾಗಿಲೂ ದಾಟಲಾಗದು.

ನಮ್ಮ ಕಡೆಯದೇ ಮಾತಿನ ಧಾಟಿಯ ಒಂದು ಕುಟುಂಬ ಹಿಂದೆ ಬರುತ್ತಿತ್ತು. ಡೆಕ್ ಮೇಲೆ ನಿಂತ ಹುಡುಗ ಕೇಳಿದ: "ಅಜ್ಜಾ, ಇದರ ಮ್ಯಾಲ ಇಮಾನ ಇಳೀತಿದ್ವೇನು?"

"ಇದರ ಮ್ಯಾಲ ಎಲ್ಲಿ ಇಳೀತಾವೋ ತಮ್ಮಾ. ಅದಕ್ಕ ದೊಡ್ಡ ಹಡಗ ಬ್ಯಾರೆ ಐತಿ. ಇಲ್ಲೇ ಗುಡ್ಡದಾಚಿ ಇರತೈತಂತ."

ಅಜ್ಜ ಹೇಳಿದ್ದು ಸರಿ. ಗುಡ್ಡದಾಚೆಯ ಐಎನ್‌ಎಸ್ ಕದಂಬ ನೌಕಾನೆಲೆ ವಿಕ್ರಮಾದಿತ್ಯ ಎಂಬ ವಿಮಾನವಾಹಕ ನೌಕೆಯ ತವರು. ಅದರ ಉದ್ದ 284 ಮೀಟರ್, ಭಾರ ಸುಮಾರು 44,500 ಟನ್. ಏಳು ಚಾಪೆಲ್‌ಗಳನ್ನು ಸಾಲಾಗಿ ಇಟ್ಟರೂ ಅದರ ಉದ್ದಕ್ಕೆ ಮುಟ್ಟುವುದಿಲ್ಲ.

ಹುಡುಗನ ಪ್ರಶ್ನೆ ನೂರು ವರ್ಷದ ಹಿಂದೆ ನೌಕಾಪಡೆಗಳನ್ನೇ ಕಾಡಿದ ಪ್ರಶ್ನೆ. ವಿಮಾನ ಇಳಿಯುವ ಹಡಗು ಹೇಗಿರಬೇಕೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಆದ್ದರಿಂದ ಕೈಗೆ ಸಿಕ್ಕ ಒಡಲನ್ನೇ ಬಳಸಿಕೊಂಡರು. ನಮ್ಮೂರಿನ ವರ್ಕ್‌ಶಾಪುಗಳಲ್ಲಿ ಹಳೆಯ ಚಾಸಿಯ ಮೇಲೆ ಬೇರೆ ಬಾಡಿ ಕೂರಿಸಿ ಕಬ್ಬಿನ ಟ್ರೇಲರ್ ಮಾಡುತ್ತಾರಲ್ಲ, ಹಾಗೆ. ಬ್ರಿಟಿಷರು ಫ್ಯೂರಿಯಸ್ ಎಂಬ ಸಮರನೌಕೆಯ ಮುಂದಿನ ತೋಪು ಬಿಟ್ಟು ಅಲ್ಲಿ ಡೆಕ್ ಹಾಸಿದರು. 1917ರ ಆಗಸ್ಟ್ 2ರಂದು ಎಡ್ವಿನ್ ಡನ್ನಿಂಗ್ ಎಂಬ ವಿಮಾನ ಚಾಲಕ ಚಲಿಸುತ್ತಿದ್ದ ಆ ಹಡಗಿನ ಮೇಲೆ ಮೊದಲ ಬಾರಿ ಇಳಿದ. ಐದು ದಿನದ ನಂತರ ಅದೇ ಪ್ರಯತ್ನದಲ್ಲಿ ಸಮುದ್ರಕ್ಕೆ ಬಿದ್ದು ಸತ್ತ. ಇಟಲಿಯ ಕಂಪನಿಯೊಂದಕ್ಕಾಗಿ ಕಟ್ಟುತ್ತಿದ್ದ ಪ್ರಯಾಣಿಕ ಹಡಗು 1918ರಲ್ಲಿ ಆರ್ಗಸ್ ಆಯಿತು, ತುದಿಯಿಂದ ತುದಿಗೆ ಬಯಲು ಡೆಕ್ ಇದ್ದ ಮೊದಲ ಹಡಗು. ಅಮೆರಿಕದ ಮೊದಲ ವಿಮಾನವಾಹಕ ನೌಕೆ ಲ್ಯಾಂಗ್ಲಿ ಹಿಂದೆ ಕಲ್ಲಿದ್ದಲು ಹೊರುತ್ತಿತ್ತು. ಜಪಾನಿನ ಕಥೆ ಇನ್ನೂ ವಿಚಿತ್ರ. ಅಮಾಗಿ ಎಂಬ ಒಡಲನ್ನು ವಿಮಾನವಾಹಕ ಮಾಡುತ್ತಿದ್ದಾಗ 1923ರ ಭೂಕಂಪದಲ್ಲಿ ಅದು ಕಟ್ಟೆಯ ಮೇಲೇ ಹಾಳಾಯಿತು. ಬದಲಿಗೆ ಗುಜರಿಗೆಂದು ಎತ್ತಿಟ್ಟಿದ್ದ ಕಾಗಾ ಎಂಬ ಸಮರನೌಕೆಯ ಒಡಲಿಗೆ ಜೀವ ಬಂತು. ಇದರ ನಡುವೆಯೇ ವಿಮಾನಕ್ಕೆಂದೇ ನಕ್ಷೆ ಬಿಡಿಸಿದ ಹಡಗುಗಳ ಸರದಿಯೂ ಬಂತು. ಆ ಕೆಲಸ ಮೊದಲು ಶುರು ಮಾಡಿದ್ದು ಬ್ರಿಟನ್ನಿನ ಹರ್ಮಿಸ್, 1922ರ ಡಿಸೆಂಬರ್‌ನಲ್ಲಿ ಮೊದಲು ಮುಗಿಸಿದ್ದು ಜಪಾನಿನ ಹೋಶೋ.

ಚಾಪೆಲ್‌ನ ನೆರೆಯಲ್ಲಿ ಈಗ ಟುಪೊಲೆವ್-142 ವಿಮಾನವನ್ನೂ ತಂದಿಟ್ಟಿದ್ದಾರೆ. ಅರಕ್ಕೋಣಂನ ರಾಜಾಳಿ ನೆಲೆಯಿಂದ ಸಾಗರದ ಮೇಲೆ ಕಾವಲು ಹಾರುತ್ತಿದ್ದ, 2017ರಲ್ಲಿ ನಿವೃತ್ತವಾದ ವಿಮಾನ ಅದು. ಬಿಡಿಭಾಗ ಮಾಡಿ ತಂದು ಇಲ್ಲಿ ಮತ್ತೆ ಜೋಡಿಸಿದ್ದಾರೆ. ನಾಲ್ಕು ಎಂಜಿನ್, ಒಂದೊಂದಕ್ಕೂ ಎದುರುಬದುರು ತಿರುಗುವ ಎರಡು ಪಂಖ. ರೆಕ್ಕೆಯಡಿ ನಿಂತು ಈ ತುದಿಯಿಂದ ಆ ತುದಿಗೆ ಕಣ್ಣು ಹಾಯಿಸಿ: 50 ಮೀಟರ್. ನಮ್ಮ ಮೊದಲ ವಿಮಾನವಾಹಕ ವಿಕ್ರಾಂತ್‌ನ ಒಟ್ಟು ಅಗಲವೇ 39 ಮೀಟರ್. ಹಡಗಿನ ಮೇಲಿನ ವಿಮಾನ ಯಾಕೆ ಅಷ್ಟು ಪುಟ್ಟದಿರಬೇಕು, ರೆಕ್ಕೆ ಯಾಕೆ ಮಡಚಬೇಕು ಎಂಬುದಕ್ಕೆ ಬೇರೆ ಪಾಠ ಬೇಡ.

ಆ ವಿಕ್ರಾಂತ್ ಬಗ್ಗೆ ಹೇಳಲೇಬೇಕು. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಬ್ರಿಟನ್ನಿಗೆ ಬೇಗ ಮತ್ತು ಅಗ್ಗವಾಗಿ ವಿಮಾನವಾಹಕ ನೌಕೆಗಳು ಬೇಕಾದವು. ಯುದ್ಧನೌಕೆ ಕಟ್ಟುವ ಕಟ್ಟೆಗಳು ಭರ್ತಿಯಾಗಿದ್ದವು. ವಿಕರ್ಸ್ ಕಂಪನಿ ಒಂದು ನಕ್ಷೆ ಕೊಟ್ಟಿತು: ಮುಖ್ಯ ಡೆಕ್‌ವರೆಗಿನ ಒಡಲನ್ನು ಸರಕು ಹಡಗಿನ ಲೆಕ್ಕದಲ್ಲೇ ಕಟ್ಟಿ, ರಕ್ಷಾಕವಚ ಬೇಡ, ಯಾವ ಸಾಮಾನ್ಯ ಹಡಗುಕಟ್ಟೆಯೂ ಕಟ್ಟಬಹುದು. ಮೂರು ವರ್ಷ, ಇಲ್ಲವೇ ಯುದ್ಧ ಮುಗಿಯುವ ತನಕ ಬಾಳಿದರೆ ಸಾಕು ಎಂಬ ಎಣಿಕೆ. ಈ ನಕ್ಷೆಯ ಒಂದು ಒಡಲು ಹರ್ಕ್ಯುಲಿಸ್ ಎಂಬ ಹೆಸರಲ್ಲಿ 1945ರ ಸೆಪ್ಟೆಂಬರ್‌ನಲ್ಲಿ ನೀರಿಗಿಳಿಯಿತು. ಯುದ್ಧ ಮುಗಿದಿತ್ತು, ಹಡಗು ಅರ್ಧಕ್ಕೇ ನಿಂತಿತು. 1957ರಲ್ಲಿ ಭಾರತ ಅದನ್ನು ಕೊಂಡು ಬೆಲ್‌ಫಾಸ್ಟ್‌ನಲ್ಲಿ ಓರೆ ಡೆಕ್, ಹಬೆಯಿಂದ ವಿಮಾನ ಎಸೆಯುವ ಯಂತ್ರ ಹಾಕಿಸಿತು. 1961ರ ಮಾರ್ಚ್ 4ರಂದು ಅದು ಐಎನ್‌ಎಸ್ ವಿಕ್ರಾಂತ್ ಆಯಿತು.

ಮೂರು ವರ್ಷಕ್ಕೆಂದು ಕಟ್ಟಿದ ಒಡಲು ನಮ್ಮಲ್ಲಿ 36 ವರ್ಷ ದುಡಿಯಿತು. 1971ರಲ್ಲಿ ಒಂದು ಬಾಯ್ಲರ್ ಬಿರುಕು ಬಿಟ್ಟಿದ್ದರೂ ಬಂಗಾಳ ಕೊಲ್ಲಿಯಲ್ಲಿ ನಿಂತು ಚಿತ್ತಗಾಂಗ್, ಕಾಕ್ಸ್ ಬಜಾರ್‌ಗಳ ಮೇಲೆ ವಿಮಾನ ಕಳಿಸಿತು. 1997ರಲ್ಲಿ ನಿವೃತ್ತಿ. 2001ರಿಂದ ಮುಂಬೈಯಲ್ಲಿ ತೇಲುವ ವಸ್ತುಸಂಗ್ರಹಾಲಯವಾಗಿ ಜನರನ್ನು ಬರಮಾಡಿಕೊಂಡಿತು. ಆದರೆ ನೀರಿನಲ್ಲಿ ನಿಂತ ಉಕ್ಕು ತುಕ್ಕು ತಿನ್ನದೆ ಬಿಡುವುದಿಲ್ಲ. 2012ರಲ್ಲಿ ಸುರಕ್ಷಿತವಲ್ಲವೆಂದು ಮುಚ್ಚಿದರು. 2014ರಲ್ಲಿ 60 ಕೋಟಿ ರೂಪಾಯಿಗೆ ಹರಾಜು ಹಾಕಿ, ಮುಂಬೈಯದೇ ದಾರೂಖಾನಾದ ಗುಜರಿ ಅಂಗಳದಲ್ಲಿ ಒಡೆದು ಹಾಕಿದರು. ಆ ನಕ್ಷೆಯಲ್ಲಿ ಕಟ್ಟಿದ ಹಡಗುಗಳಲ್ಲಿ ಜಗತ್ತಿನಲ್ಲೆಲ್ಲೂ ಇನ್ನೊಂದು ಉಳಿದಿರಲಿಲ್ಲ. ಅದರ ಉಕ್ಕಿನಲ್ಲಿ ಸ್ವಲ್ಪ ಬಜಾಜ್ ಕಂಪನಿಯ ಪಾಲಾಗಿ 2016ರಲ್ಲಿ ವಿ-15 ಬೈಕಿನ ಪೆಟ್ರೋಲ್ ಟ್ಯಾಂಕಿಗೆ ಹೋಯಿತು. ನಮ್ಮ ಕಡೆಯ ರಸ್ತೆಗಳಲ್ಲಿ ಆ ಬೈಕು ಕಂಡರೆ ನನಗೆ ಹೆಮ್ಮೆಯಾಗುತ್ತದೆ, ಹೊಟ್ಟೆ ಉರಿಯುವುದೂ ಹೌದು.

ನಮ್ಮ ಇನ್ನೊಂದು ವಿಮಾನವಾಹಕ ವಿರಾಟ್‌ನದೂ ಇದೇ ಗತಿ, ಅದೂ ಕಾರವಾರಕ್ಕೆ ಹತ್ತಿರದಲ್ಲೇ ತಪ್ಪಿಹೋದ ಅವಕಾಶ. 2018ರಲ್ಲಿ ಮಹಾರಾಷ್ಟ್ರ ಸರ್ಕಾರ ಅದನ್ನು ಸಿಂಧುದುರ್ಗ ಜಿಲ್ಲೆಯ ಕಡಲಲ್ಲಿ ಉಳಿಸಲು 852 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತ್ತು. ಯೋಜನೆ ಕಾಗದ ಬಿಟ್ಟು ಏಳಲಿಲ್ಲ. 2020ರಲ್ಲಿ ಹಡಗು 38.54 ಕೋಟಿಗೆ ಗುಜರಿಯಾಗಿ ಗುಜರಾತಿನ ಅಲಂಗ್ ಸೇರಿತು.

ಉಳಿಸುವುದು ಸಲೀಸೇನಲ್ಲ. ಚಾಪೆಲ್‌ನಂಥ ದೋಣಿಯನ್ನು ದಡಕ್ಕೆಳೆದು ಕೂರಿಸಬಹುದು. ವಿಮಾನವಾಹಕವನ್ನು ನೀರಲ್ಲೇ ಇಡಬೇಕು, ವರ್ಷವರ್ಷವೂ ಒಡಲನ್ನು ಕಾಯಬೇಕು. ನ್ಯೂಯಾರ್ಕಿನ ಇಂಟ್ರೆಪಿಡ್ 1982ರಿಂದ ವಸ್ತುಸಂಗ್ರಹಾಲಯ. 2006ರಲ್ಲಿ ದುರಸ್ತಿಗೆ ಒಯ್ಯಲು ಹೋದಾಗ ಅಡಿ ಕೆಸರಲ್ಲಿ ಹೂತು ಕದಲಲೇ ಇಲ್ಲ, ಕೆಸರು ತೋಡಿ ಬಿಡಿಸಬೇಕಾಯಿತು. ಆದರೂ ಅಮೆರಿಕ ಇಂಥ ಐದು ಹಡಗುಗಳನ್ನು ಉಳಿಸಿಕೊಂಡಿದೆ. ಸ್ಯಾನ್ ಡಿಯೇಗೊದ ಮಿಡ್‌ವೇಗೆ ವರ್ಷಕ್ಕೆ ಹತ್ತು ಲಕ್ಷಕ್ಕೂ ಮಿಕ್ಕಿ ಜನ ಬರುತ್ತಾರೆ. ಹಡಗಿನ ಖರ್ಚನ್ನು ಅಲ್ಲಿ ಬಹುಮಟ್ಟಿಗೆ ನೋಡುಗರೇ ಹೊರುತ್ತಾರೆ.

ಟ್ಯಾಗೋರ್ ತೀರದಿಂದ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೊರಟರೆ ಬಿಣಗಾ, ಅರ್ಗಾ. ಅರ್ಗಾದಿಂದ ಮುಂದೆ ಬಲಕ್ಕೆ ನೌಕಾನೆಲೆಯ ಗೋಡೆ. ಫೋಟೊ ತೆಗೆಯುವಂತಿಲ್ಲ, ನಿಲ್ಲುವಂತಿಲ್ಲ. 1986ರಲ್ಲಿ ಶಿಲಾನ್ಯಾಸ, 2005ರಲ್ಲಿ ಕದಂಬದ ಆರಂಭ. ಒಳಗೆ 10,000 ಟನ್ ಹಡಗನ್ನು ನೀರಿನಿಂದ ಮೇಲೆತ್ತುವ ವ್ಯವಸ್ಥೆಯೇ ಇದೆ. ವಿಕ್ರಮಾದಿತ್ಯ ಅದಕ್ಕೂ ಮೀರಿದ ಗಾತ್ರ. ಇದರ ಒಡಲೂ ಮೊದಲು ಬೇರೆಯದೇ ಆಗಿತ್ತು: 1982ರಲ್ಲಿ ಉಕ್ರೇನಿನ ನಿಕೊಲಾಯೇವ್‌ನಲ್ಲಿ ನೀರಿಗಿಳಿದ ಬಾಕು. ಅರ್ಧ ಯುದ್ಧನೌಕೆ, ಅರ್ಧ ವಿಮಾನವಾಹಕ. ಮುಂಭಾಗದಲ್ಲಿ ಹನ್ನೆರಡು ಕ್ಷಿಪಣಿ ಕೊಳವೆಗಳಿದ್ದವು. ರಷ್ಯಾದ ಸೆವೆರೊದ್ವಿನ್ಸ್ಕ್‌ನಲ್ಲಿ ಅವನ್ನು ಕಿತ್ತು, ಆ ಜಾಗದಲ್ಲಿ ವಿಮಾನ ನೆಗೆಯಲು ಮೇಲಕ್ಕೆ ಬಾಗಿದ ಏರು ಡೆಕ್ ಕಟ್ಟಿ 2013ರಲ್ಲಿ ನಮಗೆ ಕೊಟ್ಟರು. 2014ರ ಜನವರಿಯಲ್ಲಿ ಕಾರವಾರ ತಲುಪಿತು. ಅದರ ಅಕ್ಕಂದಿರಲ್ಲಿ ಕೀವ್ ಚೀನಾದ ತಿಯಾಂಜಿನ್‌ನಲ್ಲಿ ಪ್ರವಾಸಿ ತಾಣ. ಮಿನ್ಸ್ಕ್ ಕೂಡ ಚೀನಾದಲ್ಲೇ ಇದೆ. 2024ರ ಆಗಸ್ಟ್‌ನಲ್ಲಿ ಬೆಂಕಿಗೆ ಸಿಕ್ಕಿತು. ನೊವೊರೊಸಿಸ್ಕ್ ಗುಜರಿಯಾಗಿ ಮುಗಿದು ಬಹಳ ಕಾಲವಾಯಿತು. ನಾಲ್ವರಲ್ಲಿ ಇನ್ನೂ ದುಡಿಯುತ್ತಿರುವುದು ಕಾರವಾರದ್ದೊಂದೇ.

ಆ ಒಡಲಿಗೀಗ ನಲವತ್ತು ದಾಟಿದೆ. ಒಂದಲ್ಲ ಒಂದು ದಿನ ಅದೂ ನಿವೃತ್ತವಾಗುತ್ತದೆ. ವಿರಾಟ್ ನಿವೃತ್ತಿಗೂ ಹರಾಜಿಗೂ ನಡುವೆ ಮೂರು ವರ್ಷವಿತ್ತು, ಅಷ್ಟರಲ್ಲಿ ಏನೂ ಆಗಲಿಲ್ಲ. ವಿಕ್ರಮಾದಿತ್ಯದ ಮಟ್ಟಿಗೆ ಅದು ದುಡಿಯುತ್ತಿರುವಾಗಲೇ ಜಾಗ, ನೀರಿನ ಆಳ, ಹಣ, ಯಾರ ಹೊಣೆ ಎಲ್ಲ ಗೊತ್ತುಮಾಡಬೇಕು. ಇಡೀ ಹಡಗು ಆಗದಿದ್ದರೆ ಆ ಏರು ಮೂತಿಯನ್ನಾದರೂ ಕತ್ತರಿಸಿ ದಡಕ್ಕೆ ತರಬಹುದು. ಚಾಪೆಲ್ ತಂದ ಜಿಲ್ಲೆಗೆ, ಟುಪೊಲೆವ್ ಜೋಡಿಸಿದ ನೌಕಾಪಡೆಗೆ ಇದೇನೂ ಹೊಸ ಕೆಲಸವಲ್ಲ. ಹಾಗೆ ತಂದ ದಿನ ಮೊದಲು ಒಳಗೆ ಕರೆಯಬೇಕಾದವರು ನಾವಲ್ಲ. ನೆಲೆಗಾಗಿ ಮನೆ, ಗದ್ದೆ, ಬಲೆ ಬೀಸುವ ತೀರ ಬಿಟ್ಟುಕೊಟ್ಟ ಅರ್ಗಾ ಸುತ್ತಲಿನ ಊರಿನವರು. ಅಲ್ಲಿನ ನೌಕರಿಗಳಲ್ಲೂ ಮೊದಲ ಪಾಲು ಅವರ ಮಕ್ಕಳಿಗೆ ಸಿಗಬೇಕು.