ಟವರ್ ಸಿಗುವ ದಿಬ್ಬ

ಉತ್ತರ ಕನ್ನಡ ಜಿಲ್ಲೆಯ ಹುಲೇಕಲ್ ದಾಟಿ ಒಳಹಳ್ಳಿಗಳ ಕಡೆ ಹೊರಟರೆ ಮೊಬೈಲಿನ ಕಡ್ಡಿಗಳು ಒಂದೊಂದಾಗಿ ಉದುರುತ್ತವೆ. ತೋಟ ಇರುವುದು ಕಣಿವೆಯಲ್ಲಿ, ಟವರ್ ಸಿಗುವುದು ದಿಬ್ಬದ ಮೇಲೆ. ಆ್ಯಪ್‌ಗೆ ಫೋಟೊ ತೆಗೆಯಲು ಗ್ರಾಮ ಆಡಳಿತಾಧಿಕಾರಿ ಕೆಳಗಿಳಿಯಬೇಕು, ಅದನ್ನು ಕಳಿಸಲು ಮೇಲೆ ಹತ್ತಬೇಕು. ಮಳೆಗಾಲವಾದರೆ ಕಾಲಿನ ಉಂಬಳ ಕಿತ್ತೆಸೆಯುತ್ತ ಹತ್ತಬೇಕು. ಈ ಹತ್ತಾಟ ಯಾವ ನೇಮಕಾತಿ ಆದೇಶದಲ್ಲೂ ಇರುವುದಿಲ್ಲ.

1956ರವರೆಗೆ ಈ ಜಿಲ್ಲೆ ಮುಂಬೈ ಆಡಳಿತದಲ್ಲಿತ್ತು. ಆಗ ಊರಿನ ಕಂದಾಯದ ಲೆಕ್ಕ ತಲಾಟಿಯ ಕೈಲಿ. ಆಮೇಲೆ ಗ್ರಾಮ ಲೆಕ್ಕಿಗ, ಈಗ ಗ್ರಾಮ ಆಡಳಿತಾಧಿಕಾರಿ. ಹೆಸರಿನ ಜೊತೆ ಕೆಲಸವೂ ಉದ್ದವಾಯಿತು. ಪಹಣಿಗೆ ಆಧಾರ್ ಜೋಡಣೆ, ಸರ್ಕಾರಿ ಜಾಗ ಕಾಯುವ ‘ಲ್ಯಾಂಡ್ ಬೀಟ್’, ಬಗರ್‌ಹುಕುಂ ಹೀಗೆ 17ಕ್ಕೂ ಹೆಚ್ಚು ಆ್ಯಪ್‌ಗಳು. 2024ರ ಸೆಪ್ಟೆಂಬರ್ 26ರಿಂದ ರಾಜ್ಯದಾದ್ಯಂತ ಇವರು ಧರಣಿ ಕೂತರು. ನನ್ನ ಗಮನ ನಿಂತದ್ದು ಘೋಷಣೆಗಳಲ್ಲಲ್ಲ, ‘ಆ್ಯಪ್ ಮುಟ್ಟುವುದಿಲ್ಲ’ ಎಂಬ ಒಂದೇ ಮಾತಿನಲ್ಲಿ. ಕೇಳಿದ್ದಾದರೂ ಏನು? ಕೂರಲು ಸರಿಯಾದ ಕಚೇರಿ, ಲ್ಯಾಪ್‌ಟಾಪ್, ಪ್ರಿಂಟರ್, ರಜೆಯ ದಿನ ರಜೆ.

ಇದಕ್ಕೆ ಹತ್ತಿರದ ವರಸೆಯೊಂದನ್ನು ಜಪಾನಿನ ರೈಲ್ವೆ ನೌಕರರು ಪಳಗಿಸಿಕೊಂಡಿದ್ದರು. ಅವರಿಗೆ ಮುಷ್ಕರದ ಹಕ್ಕಿರಲಿಲ್ಲ. ಹಾಗಾಗಿ ಸುರಕ್ಷತಾ ನಿಯಮಗಳನ್ನು ಅಕ್ಷರಶಃ ಪಾಲಿಸತೊಡಗಿದರು, ರೈಲುಗಳು ತೆವಳಿದವು. 1973ರ ಮಾರ್ಚ್ 13ರ ಬೆಳಿಗ್ಗೆ ಟೋಕಿಯೊ ಬಳಿಯ ಅಗೆಯೊ ನಿಲ್ದಾಣದಲ್ಲಿ ಪ್ರಯಾಣಿಕರೇ ರೊಚ್ಚಿಗೆದ್ದು ದಾಂದಲೆ ಮಾಡಿದರು. ನಿಯಮ ಮುರಿದವರ ಮೇಲೆ ಸಿಟ್ಟಾಗುವುದು ಸರಿ, ಪಾಲಿಸಿದವರ ಮೇಲೂ ಸಿಟ್ಟಾಗಬೇಕಾಗಿ ಬಂತು! ನಮ್ಮ ಸರ್ಕಾರಿ ನೌಕರರ ನಡತೆ ನಿಯಮಗಳೂ ಮುಷ್ಕರವನ್ನು ಒಪ್ಪುವುದಿಲ್ಲ.

ಹೇಳಿದಷ್ಟೇ ಕೆಲಸ ಮಾಡಿದರೆ ಏನಾಗುತ್ತದೆಂದು ಅಡಿಕೆ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡನ ಕೂಲಿ ಕೊನೆಯ ಲೆಕ್ಕದಲ್ಲಿ. ಮರದ ತುದಿಯಿಂದ, ‘ಹೆಗಡೇರೆ, ಆಚೆ ಮರದ ಸುಳಿ ಕೊಳೆತದೆ, ನೋಡಿ’ ಎಂದು ಕೂಗುತ್ತಾನಲ್ಲ, ಅದಕ್ಕೆ ಯಾರೂ ದುಡ್ಡು ಕೊಟ್ಟಿಲ್ಲ. ಒಂದು ವರ್ಷ ಅವನು ಬಾಯಿ ಬಿಡದೆ ಕೊನೆ ಇಳಿಸಿ, ಲೆಕ್ಕ ಮಾಡಿಸಿಕೊಂಡು ಹೋದರೆ ತಪ್ಪು ಎನ್ನುವವರು ಯಾರು? ತೋಟ ಮಾತ್ರ ಹಾಳಾಗುತ್ತದೆ.

ಭರವಸೆ ಸಿಕ್ಕಿ ಕೆಲಸಕ್ಕೆ ಮರಳಿದ್ದ ಗ್ರಾಮ ಆಡಳಿತಾಧಿಕಾರಿಗಳು 2025ರ ಫೆಬ್ರವರಿ 10ರಂದು ಎರಡನೇ ಹಂತವೆಂದು ಮತ್ತೆ ಧರಣಿಗೆ ಇಳಿದರು. ಅರ್ಜಿ ಹಿಡಿದು ನಾಡಕಚೇರಿಗೆ ಬಂದವರಿಗೆ ಹಂತಗಳ ಲೆಕ್ಕ ಯಾಕೆ? ಅವರದ್ದು ಒಂದೇ ಪ್ರಶ್ನೆ: ‘ನಮ್ಮ ಪೌತಿ ಖಾತೆ ಯಾವಾಗ ಆಗ್ತದೆ ಮಾರಾಯ್ರೆ?’